ಹತ್ತಿ ಹೊಲದಲ್ಲಿ ನನ್ನ ವಿಳಾಸ

ನಮ್ಮ ಅಡುಗೆಮನೆಯಲ್ಲಿ ಜೋಳದ ಡಬ್ಬದ ಮುಚ್ಚಳದ ಮೇಲೆ ಒಂದು ಕಬ್ಬಿಣದ ವಸ್ತು ಕೂತಿದೆ. ಬಂದವರು ಅದನ್ನು ನೋಡಿ ಇಸ್ತ್ರಿ ಪೆಟ್ಟಿಗೆಯೇ ಎಂದು ಕೇಳುತ್ತಾರೆ. ಅಲ್ಲ, ಅದು ರೊಟ್ಟಿ ಒತ್ತುವ ಮಷೀನು. ದೀಪಾವಳಿ ಸೇಲಿನಲ್ಲಿ ಅರ್ಧ ಬೆಲೆಗೆ ಫೋನಿನಲ್ಲಿ ತರಿಸಿದ್ದು. ನಡುವೆ ಹಿಟ್ಟಿಟ್ಟು ಹಿಡಿಕೆ ಒತ್ತಿದರೆ ದುಂಡಗೆ ರೊಟ್ಟಿ ಆಗುತ್ತದೆ ಎಂದು ಚಿತ್ರದಲ್ಲಿ ತೋರಿಸಿದ್ದರು. ಚಿತ್ರದಲ್ಲಿದ್ದ ಹೆಂಗಸಿಗೆ ಜೋಳದ ಪರಿಚಯ ಇದ್ದಿರಲಿಕ್ಕಿಲ್ಲ ಎಂದು ಈಗ ಅನಿಸುತ್ತದೆ. ನಾನು ಒತ್ತಿದಾಗ ಅಂಚೆಲ್ಲ ಸೀಳಿತು, ನಡುವೆ ಒಂದು ಕೆರೆ ಬಿತ್ತು. ನಮ್ಮ ಮನೆಯವರು ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಯಾವ ರಾಜ್ಯದ ನಕಾಶಿ ಇದು?" ಎಂದು ಕೇಳಿದರು. ಅಂದಿನಿಂದ ಮಷೀನು ಡಬ್ಬದ ಮೇಲೆ ಕೂತು, ಇಲಿ ಮುಚ್ಚಳ ಎತ್ತದಂತೆ ನೋಡಿಕೊಳ್ಳುತ್ತಿದೆ. ಆ ಕೆಲಸಕ್ಕೆ ಮೊದಲು ಒಂದು ಕಲ್ಲಿತ್ತು. ಕಲ್ಲಿನ ಮೇಲೆ ರಿಯಾಯಿತಿ ಇರಲಿಲ್ಲ. ಹಳ್ಳದಿಂದ ಹಾಗೆಯೇ ತಂದದ್ದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನವಲಗುಂದ ತಾಲ್ಲೂಕಿನ ಊರು. ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಗ್ರಾಮಸಭೆಗೆ ನಾನು ಹೋಗುವುದು ಕಷ್ಟವಾಗುತ್ತದೆ. ಊರಿನವರಿಗೆಲ್ಲ ನಾನು ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಆ ಹೆಸರೇ ಕಾಯಂ. ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಪ್ರತಿವರ್ಷ ಪರಿಸರ ದಿನದಂದು ಶಾಲೆಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ನನ್ನದೊಂದು ಭಾಷಣ ಇರುತ್ತದೆ. ಅದೇ ಭಾಷಣ. ಎಂಟನೇ ಇಯತ್ತೆಯಲ್ಲಿ ಒಮ್ಮೆ ಕೇಳಿದ ಮಕ್ಕಳು ಹತ್ತನೇ ಇಯತ್ತೆಗೆ ಬರುವ ಹೊತ್ತಿಗೆ ನಾನು ಎಲ್ಲಿ ನೀರು ಕುಡಿಯುತ್ತೇನೆ ಎಂಬುದನ್ನೂ ಬಲ್ಲವರಾಗಿರುತ್ತಾರೆ.

ಆ ಭಾಷಣದಲ್ಲಿ ನಮ್ಮ ಬಾಲ್ಯದ ಬಗ್ಗೆ ಒಂದು ಭಾಗ ಇದೆ. ನಿಮಗೂ ಹೇಳಿಬಿಡುತ್ತೇನೆ. ನನ್ನ ತವರು ಕುಂದಗೋಳದ ಕಡೆ. ದೀಪಾವಳಿಗೆ ಅಪ್ಪ ಹುಬ್ಬಳ್ಳಿಗೆ ಹೋಗಿ ಒಂದು ಥಾನು ಬಟ್ಟೆ ತರುತ್ತಿದ್ದ. ಒಂದೇ ಥಾನು. ಒಂದು ವರ್ಷ ಹಸಿರು ಬಣ್ಣದ ಮೇಲೆ ಕಂದು ಪಟ್ಟೆ ಬಂತು. ಅದರಲ್ಲೇ ನನಗೆ ಲಂಗ, ತಮ್ಮಂದಿರಿಗೆ ಅಂಗಿ, ದಿಂಬಿಗೆ ಗವಸು, ಪಡಸಾಲೆಯ ಕಿಟಕಿಗೆ ಪರದೆ. ಸಣ್ಣ ತಮ್ಮ ಪರದೆಯ ಮುಂದೆ ನಿಂತರೆ ಅವ್ವನಿಗೆ ಕಾಣುತ್ತಿರಲಿಲ್ಲ. ಅವಳು ಓಣಿಯೆಲ್ಲ ಕರೆದು ಬಂದು ಬೈಯುತ್ತಿದ್ದಳು, ಅವನು ಅಲ್ಲೇ ನಿಂತು ಶೇಂಗಾ ತಿನ್ನುತ್ತಿದ್ದ. ಅಂಗಿ ಹರಿದ ಮೇಲೆ ಒರೆಸುವ ಬಟ್ಟೆಯಾಯಿತು, ಅದು ಸವೆದ ಮೇಲೆ ಬತ್ತಿಯಾಯಿತು. ನಮ್ಮ ಒಂದು ದೀಪಾವಳಿಯ ಅಂಗಿ ನಾಲ್ಕನೆಯ ದೀಪಾವಳಿಗೆ ದೀಪದಲ್ಲಿ ಉರಿಯಿತು.

ಮನೆಯಲ್ಲಿ ಕಸದ ಬುಟ್ಟಿ ಎಂಬುದೇ ಇರಲಿಲ್ಲ. ಹಿತ್ತಿಲಲ್ಲಿ ತಿಪ್ಪೆ ಇತ್ತು, ತಿಪ್ಪೆ ಹೊಲಕ್ಕೆ ಹೋಗುತ್ತಿತ್ತು. ಅಂಗಡಿಯಿಂದ ಸಕ್ಕರೆ ಕಟ್ಟಿ ತಂದ ಹಾಳೆಯನ್ನು ಅವ್ವ ಬಿಡಿಸಿ, ಅಂಗೈಯಿಂದ ಸುಕ್ಕು ತೆಗೆದು ಕಪಾಟಿನಲ್ಲಿ ಹಾಸುತ್ತಿದ್ದಳು. ನಾನು ಡಬ್ಬಿ ಸರಿಸಿ ಸರಿಸಿ ಅದನ್ನು ಓದುತ್ತಿದ್ದೆ. ಜೇನುನೊಣದ ಜೀವನದ ಮೇಲೆ ಅರ್ಧ ಪಾಠ ಸಿಕ್ಕಿತ್ತು. ಉಳಿದರ್ಧ ಬೆಲ್ಲದ ಪೊಟ್ಟಣದಲ್ಲಿ ಬಂದೀತೆಂದು ಎಷ್ಟೋ ದಿನ ಕಾದೆ, ಬರಲಿಲ್ಲ.

ಭಾಷಣದಲ್ಲಿ ಇಲ್ಲಿಗೆ ನಿಲ್ಲಿಸಿ, "ಹಿಂದಿನವರು ಪರಿಸರದೊಂದಿಗೆ ಹೊಂದಿಕೊಂಡು ಬಾಳುತ್ತಿದ್ದರು" ಎನ್ನುತ್ತೇನೆ. ನಿಜ ಬೇರೆ. ನಮ್ಮ ಹತ್ತಿರ ಬೇರೆ ಬಟ್ಟೆ ಇರಲಿಲ್ಲ, ಅಷ್ಟೆ. ನನ್ನ ತರಗತಿಯ ಒಬ್ಬಳು ಹುಡುಗಿ ಬೆನ್ನ ಹಿಂದೆ ದೊಡ್ಡ ರಿಬ್ಬನ್ನು ಕಟ್ಟುವ ಗುಲಾಬಿ ಫ್ರಾಕು ಹಾಕಿಕೊಂಡು ಬಂದ ದಿನ, ನಾನು ಪರದೆಯ ಬಣ್ಣದ ಲಂಗದಲ್ಲಿ ಮನೆಗೆ ಬಂದು ಪರದೆಯ ಹಿಂದೆ ನಿಂತು ಅತ್ತೆ. ಯಾರಿಗೂ ಕಾಣಲಿಲ್ಲ.

ಆ ಅಳು ಎಲ್ಲಿಗೂ ಹೋಗಿರಲಿಲ್ಲ. ಐವತ್ತು ದಾಟಿದ ಮೇಲೆ ಕೈಗೆ ಫೋನು ಬಂದಾಗ ಅದೂ ಹೊರಬಂತು. ದಸರೆಯ ಹೊತ್ತಿಗೆ ಫೋನಿನ ತುದಿಯಲ್ಲಿ ಒಂದು ಕೆಂಪು ಗಡಿಯಾರ ಹಿಂದಕ್ಕೆ ಓಡತೊಡಗುತ್ತದೆ: ಇನ್ನು ಎರಡು ತಾಸು, ಇನ್ನು ಒಂದು ತಾಸು, ಇನ್ನು ಮೂರೇ ಉಳಿದಿವೆ. ಯಾವುದು ಮೂರೇ ಉಳಿದಿದೆ ಎಂದು ನೋಡುವ ಮೊದಲೇ ನನ್ನ ಬೆರಳು ಗುಂಡಿ ಒತ್ತಿರುತ್ತದೆ. ಒಮ್ಮೆ ಒಂಬತ್ತನೇ ಇಯತ್ತೆಗೆ ಗುರುತ್ವಾಕರ್ಷಣೆ ಹೇಳುತ್ತ ಹೇಳುತ್ತ ಮೇಜಿನ ಕೆಳಗೆ ಬಾಳೆಕಾಯಿ ಚಿಪ್ಸು ಕತ್ತರಿಸುವ ಯಂತ್ರವನ್ನು ಕೊಂಡುಕೊಂಡೆ. ನಮ್ಮಲ್ಲಿ ಬಾಳೆಕಾಯಿ ಚಿಪ್ಸು ಮಾಡುವ ರೂಢಿ ಇಲ್ಲ.

ನಮ್ಮ ಮನೆಯವರು ಒಕ್ಕಲುತನ ಮಾಡುತ್ತಾರೆ, ಮಿತಭಾಷಿ. ಅವರದು ಟಾರ್ಚು. "ಹೊಲಕ್ಕ ಬೇಕಾಗ್ತೈತಿ" ಎನ್ನುತ್ತಾರೆ. ಹನ್ನೊಂದು ಟಾರ್ಚು ಇವೆ, ಹೊಲ ಒಂದೇ. ನನ್ನ ಡಬ್ಬಿ ಬಂದರೆ ನಾನು ಅವರಿಗೆ ಕಾಣದಂತೆ ಒಡೆಯುತ್ತಿದ್ದೆ, ಅವರದು ಬಂದರೆ ಅವರು ದನದ ಕೊಟ್ಟಿಗೆಯಲ್ಲಿ ಒಡೆಯುತ್ತಿದ್ದರು. ಬೆಳಿಗ್ಗೆ ಕಸದ ಗಾಡಿಗೆ ಇಬ್ಬರ ಡಬ್ಬಿಗಳೂ ಒಟ್ಟಿಗೇ ಹೋಗುತ್ತಿದ್ದವು. ಗಾಡಿಯ ಮುಂದೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಫೋನು ಸಾಲದೆಂಬಂತೆ ಊರಲ್ಲೇ ಚನ್ನಪ್ಪ ಕಾಕಾ ಇದ್ದರು. ಬಸ್‌ಸ್ಟ್ಯಾಂಡಿನ ಬಾಜು ಅವರ ಸಾಮಾನಿನ ಅಂಗಡಿ. ಹಬ್ಬ ಬಂತೆಂದರೆ ಅಂಗಡಿಯ ಮುಂದೆ ದೊಡ್ಡ ಟೆಂಟು ಹೊಡೆದು ಬಕೆಟ್ಟು, ಖುರ್ಚಿ, ಸೀರೆ, ಪಿಂಗಾಣಿ ಸೆಟ್ಟು ಒಟ್ಟುತ್ತಿದ್ದರು. ಒಂದು ಆಟೋಗೆ ಮೈಕು ಕಟ್ಟಿ ತಿರ್ಲಾಪುರ, ಯಮನೂರಿನ ತನಕ "ಒಂದ ತಗೋರಿ, ಒಂದ ಫುಕಟ್ ಒಯ್ರಿ" ಎಂದು ಕೂಗಿಸುತ್ತಿದ್ದರು. ನಾನು ಒಂದು ಬಕೆಟ್ಟು ತರಲು ಹೋಗಿ ಆರು ಬಕೆಟ್ಟಿನೊಂದಿಗೆ ಬಂದ ದಿನವೂ ಇದೆ. ನಮ್ಮ ಊರಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಆದ್ದರಿಂದ ಅದನ್ನು ಸಮರ್ಥಿಸಿಕೊಳ್ಳಬಹುದಿತ್ತು. ಆರಕ್ಕೆ ಎರಡು ಸೋರುತ್ತಿದ್ದವು.

ಇನ್ನು ಹಸೀನಾಳ ವಿಷಯ. ಪಂಚಾಯಿತಿಯ ಕಸದ ಗಾಡಿ ಓಡಿಸುವವಳು ಅವಳೇ. ಮಹಿಳಾ ಸಂಘದ ಮೂಲಕ ಡ್ರೈವಿಂಗ್ ಕಲಿತಳು. ಮೊದಲ ವಾರ ಅವಳು ಗಾಡಿಯನ್ನು ಯಾವ ಕಟ್ಟೆಗೆ ಹಾಯಿಸುತ್ತಾಳೆ ನೋಡೋಣ ಎಂದು ಗಂಡಸರು ಹಲ್ಲುಜ್ಜುತ್ತ ಹೊರಗೆ ನಿಂತಿದ್ದರು. ಎಲ್ಲಿಯೂ ಹಾಯಿಸಲಿಲ್ಲ, ಅವರು ಬಾಯಿ ಮುಕ್ಕಳಿಸಿ ಒಳಗೆ ಹೋದರು. ಹತ್ತನೇ ಇಯತ್ತೆಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಕೊನೆಯ ಬೆಂಚು. ಅವಳ ಪ್ರಗತಿಪತ್ರದಲ್ಲಿ ನಾನು "ವಿಜ್ಞಾನದಲ್ಲಿ ಗಮನ ಕಡಿಮೆ" ಎಂದು ಬರೆದದ್ದು ನನಗೆ ನೆನಪಿದೆ. ಅವಳಿಗೂ ನೆನಪಿದೆ.

"ಅಕ್ಕೋರ, ಹಸೀ ಕಸಾ ಬ್ಯಾರೆ, ಒಣಾ ಕಸಾ ಬ್ಯಾರೆ," ಎನ್ನುತ್ತಿದ್ದಳು, ನನ್ನ ಬುಟ್ಟಿಯನ್ನು ಇಣುಕಿ ನೋಡಿ. "ಚಹಾಪುಡಿ ಡಬ್ಬಿಯೊಳಗ ಹಾಕಬ್ಯಾಡ್ರಿ. ಎಷ್ಟ ಸಲ ಹೇಳೂದು?"

"ಆತು ತಂಗಿ," ಎನ್ನುತ್ತಿದ್ದೆ ನಾನು. ನನ್ನ ಭಾಷಣದಲ್ಲೂ ಆ ಸಾಲು ಇದೆ.

ಊರ ಹೊರಗೆ ಕಸ ಆರಿಸುವ ಒಂದು ಶೆಡ್ಡು. ತಗಡಿನ ಮಾಡು, ಮೂರು ಗೋಡೆ. ನಾಲ್ಕನೆಯ ಕಡೆ ಬಾಗಿಲು ಬರಬೇಕಿತ್ತು, ಬಂದಿರಲಿಲ್ಲ. ವರ್ಷಪೂರ್ತಿ ಅದರಿಂದ ತೊಂದರೆ ಇರಲಿಲ್ಲ. ದಸರೆಯಿಂದ ದೀಪಾವಳಿಯ ನಡುವೆ ಮಾತ್ರ ಶೆಡ್ಡು ಡಬ್ಬಿ, ಥರ್ಮಾಕೋಲಿನಿಂದ ತುಂಬಿ ಹೊರಗೆ ಚಾಚುತ್ತಿತ್ತು. ಶೆಡ್ಡಿನ ಪಕ್ಕಕ್ಕೆ ನೀಲವ್ವನ ಹತ್ತಿ ಹೊಲ. ಹತ್ತಿ ಒಡೆದು ಬೆಳ್ಳಗಾಗುವುದೂ ಅದೇ ದಿನಗಳಲ್ಲಿ.

ಎರಡು ವರ್ಷದ ಹಿಂದೆ, ದೀಪಾವಳಿ ಎದುರಿಗಿದ್ದಾಗ, ಗಾಳಿ ಜೋರಾಗಿ ಬೀಸಿತು. ಶೆಡ್ಡಿನ ಥರ್ಮಾಕೋಲ್ ಹಾರಿ ಹೊಲದ ತುಂಬ ಬಿತ್ತು, ಗಿಡಕ್ಕೆ ತಾಗಿ ಪುಡಿಯಾಯಿತು, ಒಡೆದ ಕಾಯಿಯ ಒಳಗೆ ಕೂತಿತು. ಹತ್ತಿಯೂ ಬಿಳಿ, ಅದೂ ಬಿಳಿ. ಆಳುಗಳು ಎರಡನ್ನೂ ಬಿಡಿಸಿ ಚೀಲಕ್ಕೆ ತುಂಬಿದರು. ಅಣ್ಣಿಗೇರಿಯಲ್ಲಿ ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬೆರಳಲ್ಲಿ ಬಿಡಿಸಿ ನೋಡಿ, "ಇದ್ನ ಯಾವ ಮಿಲ್ಲಿನವರೂ ಮುಟ್ಟಂಗಿಲ್ಲ, ಆರಿಸಿ ತರ್ರಿ" ಎಂದು ಎಲ್ಲ ಚೀಲವನ್ನೂ ತಿರುಗಿ ಕಳಿಸಿದ.

ಇದನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದೆ. "ಛೇ, ಜನರಿಗೆ ಅರಿವಿಲ್ಲ" ಎಂದೆ. ಹಾಗೆಂದದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ನಾಲ್ಕೇ ದಿನದಲ್ಲಿ ಗ್ರಾಮಸಭೆ ಇತ್ತು.

ಗ್ರಾಮಸಭೆ ಸಾಮಾನ್ಯವಾಗಿ ಖಾಲಿ ಖುರ್ಚಿಗಳ ಸಭೆ. ಅಂದು ಶಾಲೆಯ ಸಭಾಂಗಣ ತುಂಬಿತ್ತು. ನೀಲವ್ವ ಮುಂದಿನ ಸಾಲಿನಲ್ಲೇ ನೆಲದ ಮೇಲೆ ಕೂತಿದ್ದಳು. ಅರವತ್ತೈದರ ಹೆಂಗಸು, ಗಟ್ಟಿ ದನಿ, ಸ್ವಂತ ಹೊಲ ಸ್ವಂತ ನೋಡಿಕೊಳ್ಳುವವಳು. ನಮ್ಮ ಮನೆಯವರು ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದರು. ಯಾವ ಸಭೆಯಲ್ಲೂ ಅವರು ಕೂರುವುದು ಅಲ್ಲೇ. ಹಸೀನಾ ಗೋಡೆಗೆ ಒರಗಿ ನಿಂತಿದ್ದಳು.

ಸದಸ್ಯರೊಬ್ಬರು ಎದ್ದು, "ಶೆಡ್ಡಿನ ಜವಾಬ್ದಾರಿ ಡ್ರೈವರಂದು. ನೆಟ್ಟಗ ನೋಡ್ಕೊಳ್ಳಾಕ ಆಗೂದಿಲ್ಲಂದ್ರ ಬ್ಯಾರೇದವರನ್ನ ನೋಡೂಣು," ಎಂದರು.

"ಬಾಗಿಲಾ ಯಾಕ ಹಾಕಿಲ್ಲ ಅಂತ ಕೇಳ್ರಿ ಮೊದಲ," ಎಂದಳು ನೀಲವ್ವ.

"ಬಾಗಿಲಾ ಇದ್ರ ಹಾಕತಿದ್ದೆ, ಯವ್ವಾ," ಎಂದಳು ಹಸೀನಾ. "ಮೂರ ಸಲಾ ಅರ್ಜಿ ಕೊಟ್ಟೇನಿ."

ಪಂಚಾಯಿತಿಯ ಅಧಿಕಾರಿಗಳು ಫೈಲು ತಿರುವಿದರು. ಮೂರೂ ಅರ್ಜಿ ಸಿಕ್ಕವು. ಅವನ್ನು ಒಂದರ ಮೇಲೊಂದು ನೀಟಾಗಿ ಪಿನ್ನು ಮಾಡಿ ಇಟ್ಟಿದ್ದರು.

ಹಸೀನಾ ಮುಂದೆ ಬಂದಳು. ಕೊನೆಯ ಬೆಂಚಿನ ಹುಡುಗಿ ಅಷ್ಟು ಹೊತ್ತು ನಿಂತು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನನ್ನ ತಗೀರಿ, ಬ್ಯಾರೇದವ್ರ ಬರ್ಲಿ. ಅವರಿಗೂ ಕಸಾ ಇಷ್ಟ ಬರ್ತೈತಿ. ಬಾಕೀ ದಿನಾ ಒಂದ ಸುತ್ತು ಹೊಡದ್ರ ಗಾಡಿ ತುಂಬಂಗಿಲ್ರಿ. ಈ ಹದಿನೈದ ಇಪ್ಪತ್ತ ದಿನಾ ಮೂರ ಸುತ್ತು. ಅದು ಹೋಳಿಗಿ ಕಸಾ ಅಲ್ಲ, ಹೂವಿನ ಕಸಾ ಅಲ್ಲ. ಸೇಲಿನ ಕಸಾ. ಸಾಮಾನು ನೋಡಿದ್ರ ಇಷ್ಟಿಷ್ಟ, ಡಬ್ಬಿ ನೋಡಿದ್ರ ಆಳೆತ್ತರ. ಹಬ್ಬದಾಗ ಟೆಂಟು, ಮೈಕು ಬಂದ್ ಮಾಡ್ರಿ. ಥರ್ಮಾಕೋಲ್ ಯಾರ ತಂದಾರ ಅವರ ಮನ್ಯಾಗ ಇಟ್ಕೋರಿ. ಶೆಡ್ಡಿಗೆ ಬಾಗಿಲಾ ಹಚ್ರಿ. ಆಮ್ಯಾಲ ಹತ್ತಿ ಕೆಟ್ರ ನನ್ನ ಕೇಳ್ರಿ."

ಚನ್ನಪ್ಪ ಕಾಕಾ ಎದ್ದು ನಿಂತರು. ಅವರ ಮಾತಿನಲ್ಲೂ ಹುರುಳಿತ್ತು. "ನನ್ನ ಟೆಂಟ್ ಕಣ್ಣಿಗೆ ಕಾಣ್ತೈತಿ, ಬಂದ್ ಮಾಡಸ್ತೀರಿ. ಎಲ್ಲಾರ ಕಿಸೆದಾಗೂ ಒಂದೊಂದ ಟೆಂಟ್ ಐತಿ, ಅದನ್ನ ಯಾರ ಬಂದ್ ಮಾಡಸ್ತೀರಿ?"

ಅನೇಕರು ಕಿಸೆಯ ಮೇಲೆ ಕೈ ಇಟ್ಟುಕೊಂಡರು. ಅಧ್ಯಕ್ಷರು ವಿಷಯ ಬದಲಿಸುವವರಂತೆ ನನ್ನ ಕಡೆ ನೋಡಿ, "ಅಕ್ಕೋರ, ನಿಮ್ಮ ಅಕ್ಷರ ಛಲೋ ಅದಾವು. ಠರಾವು ನೀವ ಬರೀರಿ. ನಿಮಗ ಇದರ ಬಗ್ಗೆ ಎಲ್ಲಾ ಗೊತ್ತೈತಿ," ಎಂದರು.

ನಾನು ಸಂತೋಷದಿಂದಲೇ ಪೆನ್ನು ತೆಗೆದುಕೊಂಡೆ. "ಹಬ್ಬಗಳ ಸಂದರ್ಭದಲ್ಲಿ ಅನಗತ್ಯ ಖರೀದಿಯ ಮೋಹವನ್ನು ತೊರೆದು" ಎಂದು ಬರೆದೆ. ಭಾಷಣದ ಸಾಲು, ಯೋಚಿಸುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ನೀಲವ್ವ ಎದ್ದು ಬಂದು ಸೆರಗಿನ ಗಂಟು ಬಿಚ್ಚಿ, ಒಂದು ರಟ್ಟಿನ ಚೂರನ್ನು ಮೇಜಿನ ಮೇಲೆ ಇಟ್ಟಳು. ರಟ್ಟಿಗೆ ಟೇಪು, ಟೇಪಿಗೆ ಥರ್ಮಾಕೋಲಿನ ಒಂದು ತುಂಡು ಅಂಟಿತ್ತು. ರಟ್ಟಿನ ಮೇಲೆ ಬಿಳಿ ಚೀಟಿ.

"ಇದನ್ನೂ ಬರಕೋರಿ ಅಕ್ಕೋರ. ನನ್ನ ಹೊಲದಾಗ ಸಿಕ್ತು. ನನಗ ಓದಾಕ ಬರಂಗಿಲ್ಲ. ಯಾರ ಹೆಸರ ಐತಿ ಓದಿ ಹೇಳ್ರಿ, ಎಲ್ಲಾರೂ ಕೇಳ್ಲಿ."

ನಾನು ಓದಿದೆ. ಮನಸ್ಸಿನಲ್ಲಿ.

ಚೀಟಿಯ ಒಂದು ಮೂಲೆಗೆ ಎರೆಮಣ್ಣು ಮೆತ್ತಿತ್ತು. ಮಣ್ಣಾಗಿದೆ, ಅಕ್ಷರ ಕಾಣುವುದಿಲ್ಲ ಎಂದು ಹೇಳಬಹುದಿತ್ತು. ಅಕ್ಕೋರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ತಲೆ ಎತ್ತಿದೆ. ಹಸೀನಾ ನನ್ನನ್ನೇ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು: ಅವಳಿಗೆ ಗೊತ್ತಿದೆ. ದಿನವೂ ಡಬ್ಬಿ ಒಡೆದು ಜೋಡಿಸುವವಳು ಅವಳು. ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತದೆ, ನಮ್ಮ ಶಾಲೆಯಲ್ಲೇ ಕಲಿತದ್ದು. ಕೆಲಸ ಹೋಗುವ ಮಾತು ಬಂದಾಗಲೂ ಅವಳು ನನ್ನ ಹೆಸರು ಎತ್ತಿರಲಿಲ್ಲ.

ನಾನು ಎದ್ದು ನಿಂತು ಗಟ್ಟಿಯಾಗಿ ಓದಿದೆ. ಹೆಸರು ಓದಿದೆ. ಶಾಲೆಯ ಹೆಸರು, ಓಣಿಯ ಹೆಸರು, ಯಾವ ಗುಡಿಯ ಎದುರು ಎಂಬುದನ್ನು ಓದಿದೆ. ಫೋನ್ ನಂಬರನ್ನೂ ಓದಿದೆ. ಅದರ ಅಗತ್ಯ ಇರಲಿಲ್ಲ, ಆದರೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ವಸ್ತುವಿನ ಹೆಸರಿತ್ತು. "ಗೋಡೆ ಗಡಿಯಾರ, ಎರಡು," ಎಂದು ಓದಿ ಕೂತೆ.

ಸಭಾಂಗಣದ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ನಮ್ಮ ಮನೆಯವರು ಫ್ಯಾನು ನೋಡುತ್ತಿದ್ದರು.

"ಅಂದ್ರ ನೀವಾ ಏನ್ರಿ?" ಎಂದಳು ನೀಲವ್ವ.

"ಹೌದ್ರಿ ಯವ್ವಾ. ನಾನ."

ಅವಳು ರಟ್ಟಿನ ಚೂರನ್ನು ತನ್ನ ಕಡೆ ಎಳೆದುಕೊಂಡಳು. "ಈ ಡಬ್ಬಿ ಒಗದವ್ರಿಗೆ ನಾ ನಾಕ ದಿನಾ ಆತು ಬೈಯಾಕ ಹತ್ತಿ. ಹೊಲದಾಗ ನಿಂತ ಬೈದೇನಿ, ಬಾವಿ ಹತ್ರ ಬೈದೇನಿ. ಬಾಯಿಗೆ ಬಂದಂಗ ಬೈದೇನ್ರಿ."

"ಎಲ್ಲಾ ಮುಟ್ಟ್ಯಾವ ಬಿಡ್ರಿ," ಎಂದೆ.

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ನೀಲವ್ವನನ್ನೂ ನನ್ನನ್ನೂ ಬಿಟ್ಟು. ಮೊದಲು ಹಸೀನಾಳನ್ನು ಬದಲಿಸಬೇಕೆಂದಿದ್ದ ಸದಸ್ಯರು ಮತ್ತೆ ಆ ಮಾತು ತೆಗೆಯಲಿಲ್ಲ. ಚೀಟಿ ಇರುವ ಡಬ್ಬಿಗಳು ಇನ್ನೆಷ್ಟು ಶೆಡ್ಡಿನಲ್ಲಿವೆಯೋ ಎಂಬ ಲೆಕ್ಕ ಅವರ ಮುಖದಲ್ಲಿ ಕಾಣುತ್ತಿತ್ತು.

ಠರಾವಿನ ಮೊದಲ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಹಬ್ಬದ ಹದಿನೈದು ದಿನ ಊರಲ್ಲಿ ಸೇಲಿನ ಟೆಂಟು, ಮೈಕು ಇರಬಾರದು. ಅಂಗಡಿ ಎಂದಿನಂತೆ ತೆರೆದಿರಲಿ. ಆ ದಿನಗಳಲ್ಲಿ ಥರ್ಮಾಕೋಲನ್ನು ಗಾಡಿಗೆ ಹಾಕಬಾರದು. ತಂದವರೇ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕು, ಹಬ್ಬ ಮುಗಿದ ಮೇಲೆ ಪಂಚಾಯಿತಿಯೇ ನವಲಗುಂದಕ್ಕೆ ಸಾಗಿಸಬೇಕು. ಶೆಡ್ಡಿಗೆ ಬಾಗಿಲು ಹಚ್ಚಬೇಕು. ಕಿಸೆಯ ಟೆಂಟಿನ ಬಗ್ಗೆ ಏನೂ ಬರೆಯಲಾಗಲಿಲ್ಲ. ಚನ್ನಪ್ಪ ಕಾಕಾ ನನ್ನ ಫೋನಿನ ಕಡೆ ಒಮ್ಮೆ ನೋಡಿ ಸಹಿ ಮಾಡಿದರು.

ಠರಾವಿನಿಂದ ನೀಲವ್ವನ ಹತ್ತಿ ಸ್ವಚ್ಛವಾಗುವುದಿಲ್ಲವಲ್ಲ. ಆ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ನಮ್ಮ ಮನೆಯವರೂ ಬಂದರು. ಒಂದು ಟಾರ್ಚು ತಂದಿದ್ದರು. ಪಡಸಾಲೆಯಲ್ಲಿ ಚೀಲ ಸುರುವಿ ಹತ್ತಿಯ ಗುಡ್ಡ ಮಾಡಿದ್ದರು. ನೀಲವ್ವ ಬರ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲಿಲ್ಲ. ಒಂದು ಚಾಪೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

ಒಂದು ತಾಸು ಆರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಹತ್ತಿಯೆಂದು ಇಟ್ಟದ್ದು ಥರ್ಮಾಕೋಲ್ ಆಗಿರುತ್ತಿತ್ತು, ಥರ್ಮಾಕೋಲೆಂದು ಒಗೆದದ್ದನ್ನು ನೀಲವ್ವ ಎತ್ತಿ ವಾಪಸು ಗುಡ್ಡಕ್ಕೆ ಹಾಕುತ್ತಿದ್ದಳು. ಅಷ್ಟರಲ್ಲಿ ಹಸೀನಾ ಸುತ್ತು ಮುಗಿಸಿ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು.

"ಅಕ್ಕೋರ, ಕಣ್ಣಿಲೆ ಆರಸಬ್ಯಾಡ್ರಿ. ಹಿಚುಕ್ರಿ. ಹತ್ತಿ ಗಪ್ಪ ಇರ್ತೈತಿ. ಇದು ಕಿರ್ ಅಂತೈತಿ."

ಹಿಚುಕಿದೆ. ಕಿರ್ ಎಂದಿತು. ಮೂವತ್ತು ವರ್ಷ ವಸ್ತುಗಳ ಗುಣಲಕ್ಷಣ ಕಲಿಸಿದ ನನಗೆ ಅದು ಗೊತ್ತಿರಲಿಲ್ಲ. ಆಮೇಲೆ ನಾವು ಮೂವರು ಹೆಂಗಸರೂ ಮಾತಿಲ್ಲದೆ ಕಿವಿಯಿಂದಲೇ ಆರಿಸಿದೆವು. ಪಡಸಾಲೆಯಲ್ಲಿ ಆಗಾಗ ಕಿರ್, ಕಿರ್. ನಮ್ಮ ಮನೆಯವರಿಗೆ ಒಂದು ಕಿವಿ ಮಂದ. ಅವರನ್ನು ಚೀಲ ಹಿಡಿಯುವ ಕೆಲಸಕ್ಕೆ ಹಾಕಿದೆವು.

ಮಧ್ಯಾಹ್ನ ನೀಲವ್ವ ತಟ್ಟಿದ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಉಣ್ಣುವಾಗ ಮೊದಲ ಸಲ ನನ್ನ ಕೂಡ ಮಾತಾಡಿದಳು. "ಗಡಿಯಾರ ಛಲೋ ಓಡತಾವೇನ್ರಿ?"

"ಒಂದು ಓಡತೈತಿ. ಒಂದು ನಿಂತೈತಿ."

"ಎರಡ್ಯಾಕ ತಂದ್ರಿ?"

"ಒಂದ ತಗೊಂಡ್ರ ಒಂದ ಫುಕಟ್ ಇತ್ರಿ."

ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು. "ನನ್ನ ಮನ್ಯಾಗ ಒಂದೂ ಇಲ್ಲ. ನಿಮ್ಮ ಸಾಲಿ ಗಂಟಿ ಕೇಳ್ತೈತಿ, ಸಾಕಾಗ್ತೈತಿ."

"ಐತವಾರ ಹೆಂಗ್ರಿ ಮತ್ತ?"

"ಐತವಾರ ಟೈಮ್ ಏನ್ ಮಾಡೂದೈತ್ರಿ?"

ಭಾನುವಾರವೇ ಆಗಿದ್ದರೂ ನಾನು ಬಂದಾಗಿನಿಂದ ಮೂರು ಸಲ ಫೋನು ತೆಗೆದು ಸಮಯ ನೋಡಿದ್ದೆ.

ಕೈ ತೊಳೆಯುವಾಗ ಹಸೀನಾಳನ್ನು ಕೇಳಿಯೇಬಿಟ್ಟೆ. "ನಿನಗ ಗೊತ್ತಿತ್ತು. ಸಭಾದಾಗ ಯಾಕ ಹೇಳ್ಲಿಲ್ಲ? ನಿನ್ನ ಕೆಲಸಾನ ಹೋಗತಿತ್ತು."

ಅವಳು ನೀರು ಹಾಕುತ್ತಿದ್ದವಳು ತಂಬಿಗೆ ಇಳಿಸಿದಳು. "ನಾ ದಿನಾ ಎಲ್ಲಾರ ಮನೀ ಡಬ್ಬಿ ನೋಡ್ತೀನ್ರಿ ಅಕ್ಕೋರ. ಯಾರ ಮನ್ಯಾಗ ಏನ ಬಂತು, ಯಾರ ಎಷ್ಟ ಗುಳಿಗಿ ನುಂಗ್ತಾರ, ಯಾರ ಮನ್ಯಾಗ ಬಾಟ್ಲಿ ಬರ್ತಾವು, ಎಲ್ಲಾ ಗೊತ್ತಾಗ್ತೈತಿ. ಒಬ್ಬರ ಹೆಸರ ಹೇಳಿದ್ರೂ ನಾಳೆ ಯಾರೂ ನನ್ನ ಕೈಯಾಗ ಕಸಾ ಕೊಡಂಗಿಲ್ಲ. ಕತ್ತಲದಾಗ ಹೋಗಿ ಹಳ್ಳಕ್ಕ ಚೆಲ್ತಾರ." ಮತ್ತೆ ತಂಬಿಗೆ ಎತ್ತಿದಳು. "ಕೈ ಹಿಡೀರಿ."

ಗಮನ ಕಡಿಮೆ ಎಂದು ಬರೆದವಳು ನಾನೇ. ಕೈ ಹಿಡಿದೆ.

ಮೂರು ಭಾನುವಾರ ಆರಿಸಿದೆವು. ಎರಡನೆಯ ಭಾನುವಾರ ಓಣಿಯ ನಾಲ್ಕೈದು ಹೆಂಗಸರು ಕರೆಯದೆಯೇ ಬಂದರು. ಅವರ ಡಬ್ಬಿಯ ಚೀಟಿಗಳು ಸಿಕ್ಕಿರಲಿಲ್ಲ, ಅಷ್ಟೆ. ಚನ್ನಪ್ಪ ಕಾಕಾ ಸ್ವತಃ ಬರಲಿಲ್ಲ, ಚಹಾ ಕಳಿಸಿದರು. ಚೀಲ ಮತ್ತೆ ಅಣ್ಣಿಗೇರಿಗೆ ಹೋಯಿತು. ವ್ಯಾಪಾರಿ ಕೈ ಹಾಕಿ ನೋಡಿ ಈ ಸಲ ತೂಕಕ್ಕೆ ಇಡಿಸಿದನಂತೆ. ಸುದ್ದಿ ಹೇಳಲು ನೀಲವ್ವ ಶಾಲೆಗೇ ಬಂದಿದ್ದಳು. "ಮಾರಿ ಬಂದೆ," ಎಂದಷ್ಟೇ ಹೇಳಿ, ಗಂಟೆ ಹೊಡೆಯುವುದನ್ನು ನಿಂತು ನೋಡಿ ಹೋದಳು. ಹೊಡೆಯುವವನ ಕೈ ಹೇಗೆ ತಿರುಗುತ್ತದೆ ಎಂದು ಅವಳು ಎಂದೂ ಕಂಡಿರಲಿಲ್ಲವಂತೆ.

ಮುಂದಿನ ದೀಪಾವಳಿಗೆ, ಅಂದರೆ ಕಳೆದ ವರ್ಷ, ಶೆಡ್ಡಿಗೆ ಬಾಗಿಲು ಬಂತು. ಟೆಂಟು ಬರಲಿಲ್ಲ. ಮೈಕಿಲ್ಲದೆ ಊರು ಬಿಕೋ ಎನ್ನುತ್ತಿತ್ತು ಎಂದರೆ ಸುಳ್ಳಲ್ಲ. ಮಕ್ಕಳು ಮೂಗು ಹಿಡಿದು "ಒಂದ ತಗೋರಿ" ಎಂದು ಕೂಗುತ್ತ ಓಣಿ ಸುತ್ತಿದರು. ಅಂಗಡಿಯಲ್ಲಿ ಚನ್ನಪ್ಪ ಕಾಕಾ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. "ಹೆಂಗ ನಡದೈತ್ರಿ ಕಾಕಾ?" ಎಂದೆ.

"ಜನಾ ಬರ್ತಾರ. ಬೇಕಾದ್ದ ಕೇಳ್ತಾರ, ತಗೊಂಡ ಹೋಗ್ತಾರ," ಎಂದರು. "ಹಿಂಗಾದ್ರ ಅಂಗಡಿ ಹೆಂಗ ನಡೀಬೇಕ್ರಿ ಅಕ್ಕೋರ?"

ನನ್ನ ಕಿಸೆಯ ಟೆಂಟಿನ ಕಥೆ ಕೇಳುತ್ತೀರಿ ಎಂದು ಗೊತ್ತು. ಕೆಂಪು ಗಡಿಯಾರ ಓಡುತ್ತಲೇ ಇತ್ತು. ನಾನು ಬೇಕೆನಿಸಿದ್ದನ್ನೆಲ್ಲ ಫೋನಿನ ಬುಟ್ಟಿಗೆ ಹಾಕುತ್ತಿದ್ದೆ, ಕೊಳ್ಳದೆ ಬಿಡುತ್ತಿದ್ದೆ. ಫೋನಿಗೆ ಚಿಂತೆಯಾಗಿ ದಿನಕ್ಕೆ ನಾಲ್ಕು ಸಲ ನೆನಪು ಮಾಡುತ್ತಿತ್ತು. ಒಂದು ದಿನ ಕೈ ತಪ್ಪಿತು. ಬೆನ್ನು ಉಜ್ಜುವ ಬ್ರಷ್ಷು ಬಂತು. ನಮ್ಮ ಮನೆಯವರು ಹನ್ನೆರಡನೆಯ ಟಾರ್ಚು ತರಿಸಲಿಲ್ಲ. ಅವರ ಕಡೆಯಿಂದ ಅದು ದೊಡ್ಡ ತ್ಯಾಗ, ಎರಡು ದಿನ ಯಾರ ಸಂಗಡವೂ ಸರಿಯಾಗಿ ಮಾತಾಡಲಿಲ್ಲ.

ನರಕಚತುರ್ದಶಿಯ ಹಿಂದಿನ ದಿನ ಬೆಳಿಗ್ಗೆ ಗಾಡಿ ಬಂತು. ನನ್ನ ಬುಟ್ಟಿ ಅರ್ಧವೂ ಇರಲಿಲ್ಲ. ಹಸೀನಾ ಇಣುಕಿ ನೋಡಿ, "ಇಷ್ಟ ಏನ್ರಿ?" ಎಂದಳು.

"ಇಷ್ಟ," ಎಂದೆ. ಹೆಮ್ಮೆಯಾಗಿತ್ತು, ಮುಚ್ಚಿಟ್ಟುಕೊಳ್ಳಲು ಪ್ರಯತ್ನಿಸಲಿಲ್ಲ.

ಅವಳು ಹೋಗಲಿಲ್ಲ. ಸ್ಟೇರಿಂಗಿನ ಮೇಲೆ ಬೆರಳು ಆಡಿಸಿದಳು. "ಅಕ್ಕೋರ, ಒಂದ ಕೇಳ್ಲೇನ್ರಿ? ಮನ್ಯಾಗಿನ ಮಿಕ್ಸರ್ ಸುಟ್ಟ ಹೋಗೇತಿ. ಎರಡ ಸಲಾ ರಿಪೇರಿ ಮಾಡ್ಸಿ ಆತು. ಫೋನಿನ್ಯಾಗ ಸೇಲ್ ನಡದೈತಂತಲ್ರಿ, ನಿಮಗ ಅದೆಲ್ಲಾ ಗೊತ್ತೈತಿ. ಒಂದ ತರಸಿ ಕೊಡ್ರಿ. ಸೇಲಿನ್ಯಾಗ ಆದ್ರ ನಮಗ ತಗೊಳ್ಳಾಕ ಆಗ್ತೈತಿ, ಬಾಕೀ ದಿನಾ ಆಗಂಗಿಲ್ಲ."

ಒಂದು ವಸ್ತು ಬೇಕಾಗಿ ವರ್ಷವೆಲ್ಲ ಸೇಲಿಗೆ ಕಾಯುವವರೂ ಇರುತ್ತಾರೆ ಎಂಬುದು ಠರಾವು ಬರೆಯುವಾಗ ನನ್ನ ತಲೆಗೆ ಬಂದಿರಲಿಲ್ಲ. ಸೇಲು ನಿಲ್ಲಿಸಿರಿ ಎಂದು ಸಭೆಯಲ್ಲಿ ನಿಂತು ಹೇಳಿದವಳು ಅವಳೇ. ಹೇಳುವಾಗ ಅವಳ ಮನೆಯ ಮಿಕ್ಸರು ಯಾವ ಸ್ಥಿತಿಯಲ್ಲಿತ್ತೋ.

"ನಿಂದ್ರ ಸ್ವಲ್ಪ," ಎಂದು ಒಳಗೆ ಹೋಗಿ ಅಟ್ಟ ಹತ್ತಿದೆ. ಮೂರು ವರ್ಷದ ಹಿಂದೆ ಕೊಂಡ ಒಂದು ಮಿಕ್ಸರು ಅಲ್ಲಿತ್ತು. ಮನೆಯಲ್ಲಿ ಆಗಲೇ ಎರಡಿದ್ದವು. ಇದನ್ನು ಯಾಕೆ ತರಿಸಿದೆನೆಂದು ನನಗೆ ಇವತ್ತಿಗೂ ತಿಳಿಯದು. ಡಬ್ಬಿಯ ಟೇಪು ಕೂಡ ಹರಿದಿರಲಿಲ್ಲ. ಧೂಳು ಒರೆಸಿ ಕೆಳಗೆ ತಂದೆ.

"ಇದನ್ನ ಒಯ್ಯಿ. ಸುಮ್ಮನ ಬಿದ್ದೈತಿ."

"ಫುಕಟ್ ಬ್ಯಾಡ್ರಿ," ಎಂದಳು ಹಸೀನಾ. "ಸೇಲಿನ ರೇಟ್ ಹೇಳ್ರಿ, ಕೊಡ್ತೀನಿ. ಒಮ್ಮೆಲೇ ಆಗಂಗಿಲ್ಲ."

ನಾನು ವಾದಿಸಿದೆ. ಅವಳು ಗಾಡಿ ಚಾಲೂ ಮಾಡುವಂತೆ ಕೀಲಿಗೆ ಕೈ ಹಾಕಿದಳು. ನಾನು ಒಪ್ಪಿದೆ.

ಅವಳು ಇಳಿದು ಬಂದು ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಪಳಗಿದ ಕೈಯಿಂದ ಸರ್ರನೆ ಟೇಪು ಹರಿದಳು. ಮಿಕ್ಸರನ್ನು ಎತ್ತಿ ತಿರುಗಿಸಿ ನೋಡಿದಳು, ವಯರು ಬಿಚ್ಚಿ ಪಿನ್ನು ನೋಡಿದಳು, ಜಾರುಗಳನ್ನು ಎಣಿಸಿದಳು. ಎಲ್ಲವನ್ನೂ ತನ್ನ ದುಪಟ್ಟಾದಲ್ಲಿ ಸುತ್ತಿ ಸೀಟಿನ ಬಾಜು ಇಟ್ಟುಕೊಂಡಳು. ಆಮೇಲೆ ಖಾಲಿ ಡಬ್ಬಿಯನ್ನು ಮಡಚಿ ಗಾಡಿಗೆ ಹಾಕಿ, ನಾಲ್ಕು ತುಂಡು ಥರ್ಮಾಕೋಲನ್ನು ಒಟ್ಟುಮಾಡಿ ತಂದು ನನ್ನ ಎರಡೂ ಕೈಗೆ ಕೊಟ್ಟಳು.

"ಇದು ಯಾಕ? ಗಾಡಿಗೆ ಹಾಕು," ಎಂದೆ.

"ಹಬ್ಬ ಮುಗಿಯೂಮಟಾ ಹಾಕೂಹಂಗಿಲ್ರಿ ಅಕ್ಕೋರ. ತಂದವರ ಮನ್ಯಾಗ ಇರಬೇಕು. ನೀವ ಬರದೀರಲ್ಲ."

ಗಾಡಿ ಹಾಡು ಹಚ್ಚಿಕೊಂಡು ಮುಂದಿನ ಓಣಿಗೆ ತಿರುಗಿತು. ನಾನು ಥರ್ಮಾಕೋಲ್ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಟೇಪು ಹರಿದ ಸದ್ದು ಒಳಗೆ ಕೇಳಿಸಿತ್ತೆಂದು ಕಾಣುತ್ತದೆ. ಬಚ್ಚಲಮನೆಯಿಂದ ನಮ್ಮ ಮನೆಯವರು, ಬಹಳ ಹಗುರವಾದ ದನಿಯಲ್ಲಿ, "ಏನ್ ಬಂತು?" ಎಂದು ಕೇಳಿದರು.